ಆಟಿಯ ಹಸಿವು, ಆದಿತ್ಯವಾರದ ಊಟ

ನಾನು ವಿದ್ಯಾನಗರದಿಂದ ಮಾತಾಡ್ತಾ ಇದ್ದೇನೆ. ಇಲ್ಲಿ ಮಳೆ ಜೋರಿದೆ, ಧ್ವನಿ ಕಡಿದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಈಗ ಮಂಗಳೂರು, ಬೆಂಗಳೂರು, ಮುಂಬಯಿಗಳ ಸಭಾಭವನಗಳಲ್ಲಿ ಆಟಿಯ ಆದಿತ್ಯವಾರ ಎಂದರೆ ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ. ಪತ್ರೊಡೆ, ತಜಂಕಿನ ಅಂಬಡೆ, ಕಣಿಲೆ ಪಲ್ಯ, ಹಲಸಿನ ಬೀಜದ ಪದಾರ್ಥ, ಹುರುಳಿ ಚಟ್ನಿ, ಎಲ್ಲವೂ ಒಂದೇ ಬಾಳೆಲೆಯಲ್ಲಿ. ಹೊರಗೆ ಮೇಜು ಹಾಕಿ ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಮಾರುವವರಿರುತ್ತಾರೆ. ಮಕ್ಕಳನ್ನು ಕರಕೊಂಡು ಬರುವವರಿಗೆ ಅದೊಂದು ಸಂತೆ, ಒಂದು ಪಿಕ್ನಿಕ್ಕು.

ಊಟಕ್ಕೆ ಮೊದಲಿನ ಭಾಷಣಗಳಲ್ಲಿ ಎರಡು ಮಾತು ಬಂದೇ ಬರುತ್ತವೆ. ಆಟಿ ಕಷ್ಟದ ತಿಂಗಳು ಎಂಬುದು ಒಂದು. ಹಿರಿಯರು ಸೊಪ್ಪುಸದೆ ತಿಂದು ಆರೋಗ್ಯ ಕಾಪಾಡಿಕೊಂಡರು ಎಂಬುದು ಇನ್ನೊಂದು. ನನ್ನ ತಕರಾರು ಈ ಎರಡನೆಯದಕ್ಕೆ. ಅದು ಹಸಿವನ್ನು ಜಾಣತನವೆಂದು ಓದುತ್ತದೆ.

ಕಷ್ಟ ಯಾಕೆ ಬಂತು? ನಾಟಿ ಮುಗಿದರೆ ಕೂಲಿ ಇಲ್ಲ, ಕಡಲಿಗೆ ಇಳಿಯುವಂತಿಲ್ಲ, ಹೊಸ ಅಕ್ಕಿಗೆ ಇನ್ನೂ ದಿನ ಇದೆ. ಇಷ್ಟು ಎಲ್ಲರೂ ಹೇಳ್ತಾರೆ. ಆದರೆ ಇದು ಅಕ್ಕಿಯ ನಾಡು ಸ್ವಾಮಿ! ಕೆನರಾದ ಅಕ್ಕಿ ಗೋವಾದ ಪೋರ್ಚುಗೀಸರಿಗೆ ಹೋಗುತ್ತಿತ್ತು, ಮಸ್ಕತ್ತಿಗೆ, ಮಲಬಾರಿಗೆ ಹೋಗುತ್ತಿತ್ತು. 1801ರಲ್ಲಿ ಫ್ರಾನ್ಸಿಸ್ ಬುಕನನ್ ಈ ದಾರಿಯಾಗಿ ಬಂದಾಗಲೂ ಇಲ್ಲಿನ ಮುಖ್ಯ ರಫ್ತು ಅಕ್ಕಿಯೇ. ಬಂದರಿನಿಂದ ಹಡಗು ತುಂಬ ಅಕ್ಕಿ ಹೋಗುವ ಜಿಲ್ಲೆಯಲ್ಲಿ ಅದನ್ನು ಬೆಳೆದವನ ಮನೆಯಲ್ಲಿ ಆಟಿಗೆ ಅಕ್ಕಿ ಇಲ್ಲದಿದ್ದರೆ ಅದಕ್ಕೆ ಮಳೆಯೊಂದೇ ಕಾರಣ ಆಗಲಾರದು. ಚಾಲಗೇಣಿಯ ಒಕ್ಕಲು ಅಕ್ಕಿಮುಡಿಗಳನ್ನು ಧಣಿಯ ಅಂಗಳಕ್ಕೆ ಹೊತ್ತು ಹಾಕಿ ಉಳಿದದ್ದರಲ್ಲಿ ಬದುಕಬೇಕಿತ್ತು. ಗದ್ದೆಯಲ್ಲಿ ಬರೀ ಕೂಲಿ ಮಾಡುವವನಿಗೆ ಅದೂ ಇಲ್ಲ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ್ದರಿಂದ ನಮ್ಮ ಕಡೆ ಗೇಣಿ ಪದ್ಧತಿ ಕಾನೂನಿನಲ್ಲಿ ಕೊನೆಯಾದದ್ದು 1970ರ ಜನವರಿ 1ಕ್ಕೆ. ಗಡಿಯಾಚೆ 1974ರ ತಿದ್ದುಪಡಿಯವರೆಗೆ ಕಾಯಬೇಕಾಯ್ತು. ಆಟಿಯ ಊಟ ನೆನಪಿನ ಊಟ ಆಗಲಿಕ್ಕೆ ಈ ಕಾನೂನುಗಳೂ ರೇಶನ್ ಅಂಗಡಿಯೂ ಬೇಕಾದವು ಅನ್ನುವುದು ನನ್ನ ವಾದ.

ಇನ್ನು ಆ ಬಾಳೆಲೆಯನ್ನೇ ನೋಡಿ. ಪತ್ರೊಡೆಗೆ ಅಕ್ಕಿ ಬೇಕು, ತೆಂಗಿನಕಾಯಿ ಬೇಕು, ಮೆಣಸು, ಕೊತ್ತಂಬರಿ, ಹುಳಿ ಬೇಕು. ಕೆಸುವಿನ ಎಲೆ ಮಾತ್ರ ಧರ್ಮಕ್ಕೆ ಸಿಗುತ್ತದೆ. ಅದು ಅಕ್ಕಿ ಉಳಿದಿದ್ದ ಮನೆಯ ತಿಂಡಿ. ತಜಂಕಿನ ಸೊಪ್ಪು, ಹಲಸಿನ ಬೀಜ ಹಾಗಲ್ಲ. ದಾರಿಬದಿಯಲ್ಲಿ ಕೊಯ್ದು, ಮರದಡಿಯಲ್ಲಿ ಹೆಕ್ಕಿ ತಂದು ಬೇಯಿಸಿದರೆ ಅದೇ ಒಂದು ಹೊತ್ತು. ಬೇರೆ ಬೇರೆ ಅಡುಗೆಮನೆಗಳಿಂದ ಬಂದ ಇವೆರಡೂ ನಗರದ ಪಂಕ್ತಿಯಲ್ಲಿ ‘ನಮ್ಮ ಹಿರಿಯರ ಆಹಾರ’ ಎಂಬ ಒಂದೇ ಹೆಸರಿನಡಿ ಕೂತಿವೆ. ಪಕ್ಕಪಕ್ಕ ಕೂತು ಉಣ್ಣುವುದು ಒಳ್ಳೆಯದೇ, ನಾನೂ ಎರಡು ಸಲ ಪತ್ರೊಡೆ ಬಡಿಸಿಕೊಳ್ಳುವವಳೇ. ಆದರೆ ಯಾವ ಹಿರಿಯರು ಅಂತ ಕೇಳಬೇಕಲ್ಲ?

ಆಟಿ ಕಳೆಂಜನದ್ದೂ ಇದೇ ಕತೆ. ನಲಿಕೆಯವರು ಕಳೆಂಜನಾಗಿ ಮನೆಮನೆಗೆ ಬಂದು ಮಾರಿ ಕಳೆದು ಅಕ್ಕಿ ಪಡೆಯುತ್ತಿದ್ದರು. ಕುಣಿತದ ಹಿಂದೆ ಅವರದ್ದೂ ಒಂದು ಹೊಟ್ಟೆಯ ಲೆಕ್ಕ ಇತ್ತು. ವೇದಿಕೆಯ ಮೇಲೆ ಕಳೆಂಜ ಹತ್ತು ನಿಮಿಷದ ಐಟಂ. ಅಮಾವಾಸ್ಯೆಯ ಪಾಲೆ ಮರದ ಕಷಾಯ ಮಾತ್ರ ನಗರದಲ್ಲೂ ತನ್ನ ಬಿಗುವು ಬಿಟ್ಟಿಲ್ಲ, ಮರದ ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ. (ನಮ್ಮ ಊರಿನ ಹೆಸರನ್ನು ಆ ಮರಕ್ಕೇ ಜೋಡಿಸುವವರೂ ಇದ್ದಾರೆ!)

ನಮ್ಮಲ್ಲಿ ಇದೇ ತಿಂಗಳು ಮಲಯಾಳದ ಕರ್ಕಟಕ. ಕುಟುಂಬಶ್ರೀಯವರು ಈಗ ಕರ್ಕಟಕ ಗಂಜಿ ಮಾರುತ್ತಾರೆ, ಅದೂ ಆರೋಗ್ಯದ ಹೆಸರಿನಲ್ಲೇ. ಆದರೆ ಮಲಯಾಳಿಗಳು ‘ಪಞ್ಞ ಕರ್ಕಟಕಂ’ ಅನ್ನುವುದನ್ನು ಬಿಟ್ಟಿಲ್ಲ. ಪಞ್ಞ ಅಂದರೆ ಬರ, ಇಲ್ಲದಿರುವಿಕೆ.

ಕೊನೆಗೊಂದು ಕೋರಿಕೆ. ಆಟಿಯಲ್ಲಿ ಸಾಲ ತಂದ ಅಕ್ಕಿಗೆ ಕೊಯ್ಲಿನಲ್ಲಿ ಎಷ್ಟು ಅಳೆಯಬೇಕಿತ್ತು ಎಂಬುದನ್ನು ನಾನು ಹುಡುಕುತ್ತಿದ್ದೇನೆ. ನಿಮ್ಮ ಯಾರದಾದರೂ ಮನೆಯ ಅಟ್ಟದಲ್ಲಿ ಹಳೆಯ ಗೇಣಿ ಚೀಟಿಗಳೋ ಲೆಕ್ಕದ ಪುಸ್ತಕವೋ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಫೋಟೊ ಹೊಡೆದು ಕಳಿಸಿ.