ಮಹಾರಾಜ ಕಾಲೇಜಿನಿಂದ ಕಟಕಟೆಯವರೆಗೆ: ಮೈಸೂರಿನ ಮನಶ್ಶಾಸ್ತ್ರ ನಡೆದ ದಾರಿ

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಲು ಬರುವ ಹುಡುಗ ಹುಡುಗಿಯರಲ್ಲಿ ಅನೇಕರು ಈಗ ಕೇಳುವುದು ಒಂದೇ ಪ್ರಶ್ನೆ: ಫೊರೆನ್ಸಿಕ್ ಸೈಕಾಲಜಿಸ್ಟ್ ಆಗಲು ಏನು ಮಾಡಬೇಕು? ಆಸೆ ಒಳ್ಳೆಯದೇ. ಆದರೆ ಅವರ ಕಣ್ಣ ಮುಂದಿರುವುದು ಓಟಿಟಿ ಸರಣಿಗಳಲ್ಲಿ ಕಂಡ ಚಾಣಾಕ್ಷ, ಮುಖ ನೋಡಿದೊಡನೆ ಸುಳ್ಳು ಹಿಡಿಯುವವನು. ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಬೇರುಬಿಟ್ಟಿದೆ. ಚಿಕಿತ್ಸಾ ಮನಶ್ಶಾಸ್ತ್ರ ಹುಟ್ಟಿದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಅದಕ್ಕೂ ಮೊದಲು ನಮ್ಮಲ್ಲಿ ಏನೂ ಇರಲಿಲ್ಲ ಎಂದು ಹಲವರು ನಂಬಿದ್ದಾರೆ. ಅಧ್ಯಾಪಕರೂ ಹಾಗೆಯೇ ಪಾಠ ಹೇಳುತ್ತಾರೆ. ಮೈಸೂರಿನ ಪಾಲು ಅಷ್ಟು ಸುಲಭವಾಗಿ ಅಳಿಸಿಹೋಗುವಂಥದ್ದಲ್ಲ.

ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರ ವಿಭಾಗ 1916ರಲ್ಲಿ ಶುರುವಾಯಿತು. ಅಲ್ಲಿನ ವೈದ್ಯ ಗಿರೀಂದ್ರಶೇಖರ ಬೋಸ್ ಫ್ರಾಯ್ಡ್ ಜೊತೆ ಪತ್ರವ್ಯವಹಾರ ನಡೆಸಿ, 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಅದಾದ ಎರಡೇ ವರ್ಷಕ್ಕೆ, 1924ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ತೆರೆದರು. ಅವರು ಲಂಡನ್ನಿನಲ್ಲಿ ಬುದ್ಧಿಶಕ್ತಿಯನ್ನು ಅಳೆಯುವ ಸ್ಪಿಯರ್‌ಮನ್ ಪರಂಪರೆಯಲ್ಲಿ ಪಳಗಿದವರು. ಪಶ್ಚಿಮದ ಬುದ್ಧಿ ಪರೀಕ್ಷೆಗಳನ್ನು ಇಲ್ಲಿಗೆ ಒಗ್ಗಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಭಾರತದ ಮೊದಲ ಪ್ರಯೋಗಾಲಯವನ್ನು ಕಟ್ಟಿದವರೂ ಅವರೇ ಎಂದು ಈ ಶಾಸ್ತ್ರದ ಇತಿಹಾಸಕಾರರು ಬರೆಯುತ್ತಾರೆ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಬಾನುಲಿ ಶುರುಮಾಡಿದ್ದರಿಂದ ಊರು ಅವರನ್ನು ರೇಡಿಯೊ ಗೋಪಾಲಸ್ವಾಮಿಯಾಗಿ ನೆನೆಯುತ್ತದೆ, ಮನಶ್ಶಾಸ್ತ್ರಜ್ಞನಾಗಿ ಅಲ್ಲ. ಇತ್ತ ವಿ.ವಿ. ಕಾಮತ್ ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳನ್ನು ಪರೀಕ್ಷಿಸಿ ಬಿನೆ ಪರೀಕ್ಷೆಯ ಭಾರತೀಯ ರೂಪವನ್ನು ಸಿದ್ಧಪಡಿಸಿದರು. ಅವರ ಪುಸ್ತಕ 1940ರಲ್ಲಿ ಬಂತು.

ಹೀಗೆ ಕಲ್ಕತ್ತೆ ಕೇಳಿಸಿಕೊಳ್ಳುವುದನ್ನು ಕಲಿತರೆ, ನಾವು ಅಳೆಯುವುದನ್ನು ಕಲಿತೆವು. ಮುಂದಿನದೆಲ್ಲ ಈ ಒಂದು ವ್ಯತ್ಯಾಸದಿಂದ ಬೆಳೆದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ ಶಿಫಾರಸಿನ ಫಲವಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದೇ ಮುಂದೆ ನಿಮ್ಹಾನ್ಸ್ ಆಯಿತು. ಮೊದಲ ನಿರ್ದೇಶಕ ಎಂ.ವಿ. ಗೋವಿಂದಸ್ವಾಮಿ. 1955ರಲ್ಲಿ ಅಲ್ಲಿ ಆರಂಭವಾದ ವೈದ್ಯಕೀಯ ಮತ್ತು ಸಾಮಾಜಿಕ ಮನಶ್ಶಾಸ್ತ್ರದ ಡಿಪ್ಲೊಮಾ, ದೇಶದ ಮೊದಲ ಕ್ಲಿನಿಕಲ್ ಸೈಕಾಲಜಿ ತರಬೇತಿ. ಅಲ್ಲಿ ಪಾಠ ಹೇಳಿದ ಎಸ್.ಕೆ. ರಾಮಚಂದ್ರರಾವ್ ಆಗಮ, ಬೌದ್ಧ ದರ್ಶನಗಳಲ್ಲೂ ಪಾರಂಗತರು. ಭಾರತದಲ್ಲಿ ಮನಸ್ಸಿನ ಚಿಂತನೆ ಬೆಳೆದ ಬಗೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1962ರಲ್ಲಿ ಪ್ರಕಟವಾದದ್ದು ಮೈಸೂರಿನ ಕಾವ್ಯಾಲಯದಿಂದ. ಇಂದಿನ ಪಠ್ಯಕ್ರಮದಲ್ಲಿ ಅದರ ಸುಳಿವೂ ಇಲ್ಲ ಎನ್ನುವುದು ನಮ್ಮ ವಿಭಾಗಗಳಿಗೆ ಶೋಭೆಯಲ್ಲ.

ನಮ್ಮ ತಲೆಮಾರಿನ ಮನಶ್ಶಾಸ್ತ್ರಜ್ಞರು ವಾರ್ಡಿಗೆ ಕಾಲಿಟ್ಟಾಗ ವರ್ತನಾ ಚಿಕಿತ್ಸೆಯ ಅಲೆ ಜೋರಾಗಿತ್ತು. ಎಚ್.ಎನ್. ಮೂರ್ತಿಯವರು ರೂಪಿಸಿದ ಮಲ್ಟಿಫೇಸಿಕ್ ಪ್ರಶ್ನಾವಳಿ, ರೋರ್ಷಾಕ್‌ನ ಮಸಿ ಚಿತ್ತಾರಗಳು, ಟಿಎಟಿ ಚಿತ್ರಗಳು ನಮ್ಮ ಚೀಲದಲ್ಲಿದ್ದವು. ಚಿತ್ರ ತೋರಿಸಿ 'ಇದರ ಕತೆ ಹೇಳಿ' ಎಂದಾಗ ಹಳ್ಳಿಯಿಂದ ಬಂದ ಹೆಂಗಸು ತನ್ನ ಅತ್ತೆ ಮನೆಯ ಕತೆಯನ್ನೇ ಬಿಚ್ಚುತ್ತಿದ್ದಳು. ಅಂಕ ಹಾಕುವ ಆತುರದಲ್ಲಿ ಅದು ನಮ್ಮ ಕೈತಪ್ಪಿ ಹೋಗುತ್ತಿತ್ತು. ಆ ಕತೆಯನ್ನು ಹೇಗೆ ಕೇಳಬೇಕೆಂದು ಕಲಿಸುವ ಶಾಸ್ತ್ರ ಮನೋವಿಶ್ಲೇಷಣೆ. ಅದು ನಮಗೆ ಪುಸ್ತಕದಲ್ಲಿ ಮಾತ್ರ ಸಿಕ್ಕಿತು. ವಿಶ್ಲೇಷಕನಾಗಬೇಕಾದವನು ಮೊದಲು ತಾನೇ ವರ್ಷಗಟ್ಟಲೆ ವಿಶ್ಲೇಷಣೆಗೆ ಒಳಗಾಗಬೇಕು, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಬೇಕು. ಅದಕ್ಕೆ ಕಲ್ಕತ್ತೆಗೋ ಮುಂಬೈಗೋ ಹೋಗಿ ನೆಲೆಸಬೇಕಿತ್ತು. ಮಧ್ಯಮ ವರ್ಗದ ಮನೆಯಿಂದ ಬಂದವರಿಗೆ ಅದು ಆಗದ ಮಾತು.

ಹಾಗಾಗಿ ಕನ್ನಡಕ್ಕೆ ಮನೋವಿಶ್ಲೇಷಣೆ ಬಂದದ್ದು ಸಾಹಿತ್ಯದ ಬಾಗಿಲಿನಿಂದ. 'ಕೊರವಂಜಿ' ಹಾಸ್ಯ ಪತ್ರಿಕೆಯ ಡಾ. ಎಂ. ಶಿವರಾಂ ಬರೆದ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕೀಯದ ಪುಸ್ತಕವೊಂದು ಆ ಗೌರವ ಪಡೆದದ್ದನ್ನು ನಮ್ಮ ವಿಶ್ವವಿದ್ಯಾನಿಲಯಗಳು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದಕ್ಕೂ ಮಿಗಿಲಾದ ಕೊಡುಗೆ ಎ.ಕೆ. ರಾಮಾನುಜನ್ ಅವರದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲೇ ಓದಿದ ಅವರು ಭಾರತೀಯ ಈಡಿಪಸ್ ಕುರಿತ ತಮ್ಮ ಪ್ರಬಂಧದಲ್ಲಿ ಒಂದು ಕನ್ನಡ ಜನಪದ ಕತೆಯನ್ನು ಎತ್ತಿಕೊಂಡರು. ಸ್ವಂತ ಮಗನನ್ನೇ ಮದುವೆಯಾಗುವ ಶಾಪ ಹೊತ್ತು ಹುಟ್ಟಿದವಳ ಕತೆ ಅದು. ನಿಜ ತಿಳಿದ ಮೇಲೆ ಅವಳು ತೊಟ್ಟಿಲ ಕೂಸಿಗೆ ಜೋಗುಳ ಹಾಡಿ ಪ್ರಾಣ ಬಿಡುತ್ತಾಳೆ. ಆ ಕೂಸು ಅವಳಿಗೆ ಮಗನೂ ಹೌದು, ಮೊಮ್ಮಗನೂ ಹೌದು, ಮೈದುನನೂ ಹೌದು. ಗ್ರೀಕರ ಕತೆಯಲ್ಲಿ ಮಗನ ಸಂಕಟ ಮುಖ್ಯ. ಇಲ್ಲಿ ಮಾತಾಡುವವಳು ತಾಯಿ. ನಮ್ಮ ಪುರಾಣಗಳಲ್ಲಿ ಮಗ ತಂದೆಯನ್ನು ಕೊಲ್ಲುವುದಕ್ಕಿಂತ, ಯಯಾತಿ ಮತ್ತು ಭೀಷ್ಮರ ಕತೆಗಳಂತೆ, ಮಗನೇ ತಂದೆಗಾಗಿ ತನ್ನ ಯೌವನವನ್ನು ತೆತ್ತುಬಿಡುವುದು ಹೆಚ್ಚು ಎಂಬುದನ್ನೂ ರಾಮಾನುಜನ್ ಕಾಣಿಸಿದರು. ಅವಿಭಕ್ತ ಕುಟುಂಬದೊಳಗೆ ನಡೆದ ಹಿಂಸೆಯ ಪ್ರಕರಣವನ್ನು ಅರ್ಥಮಾಡಿಕೊಳ್ಳಹೊರಟ ಮನಶ್ಶಾಸ್ತ್ರಜ್ಞನಿಗೆ ಈ ಒಳನೋಟ ಹತ್ತು ಪ್ರಶ್ನಾವಳಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದನ್ನು ಜಾನಪದ ವಿಭಾಗದವರು ಓದುತ್ತಾರೆ, ಮನಶ್ಶಾಸ್ತ್ರದವರು ಓದುವುದಿಲ್ಲ.

ಇತ್ತ 1960ರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ. ಜೆಎಸ್ಎಸ್ ಆಸ್ಪತ್ರೆಯಲ್ಲೂ ಇದೆ. ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಸುತ್ತಲ ಜಿಲ್ಲೆಗಳ ಜನ ಬರುತ್ತಾರೆ. ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಬರುವ ಮಕ್ಕಳಿಗೆ ಬಿನೆ-ಕಾಮತ್ ಪರೀಕ್ಷೆಯನ್ನು ಇಂದಿಗೂ ಬಳಸುತ್ತಾರೆ. ಅಜ್ಜಂದಿರ ಕಾಲದ ಮಕ್ಕಳನ್ನು ಅಳೆದು ಗೊತ್ತುಮಾಡಿದ ಮಾನದಂಡವಿದು!

ಅಳತೆಯ ಈ ವ್ಯಾಮೋಹ ನ್ಯಾಯಾಲಯವನ್ನು ಮುಟ್ಟಿದಾಗ ಆದ ಅನಾಹುತ ದೊಡ್ಡದು. ಫೊರೆನ್ಸಿಕ್ ಮನಶ್ಶಾಸ್ತ್ರದ ಹಳೆಯ ಕೆಲಸ ಸರಳವಾದದ್ದು. ಕೃತ್ಯ ನಡೆದ ಹೊತ್ತಿನಲ್ಲಿ ಆರೋಪಿಗೆ ತಾನೇನು ಮಾಡುತ್ತಿದ್ದೇನೆಂಬ ಅರಿವಿತ್ತೇ, ವಿಚಾರಣೆ ಎದುರಿಸುವಷ್ಟು ಅವನು ಸಮರ್ಥನೇ, ಸಾಕ್ಷಿ ಹೇಳುವ ಮಗುವಿಗೆ ಪ್ರಶ್ನೆ ಅರ್ಥವಾಗುತ್ತದೆಯೇ ಎಂದು ತಾಳ್ಮೆಯಿಂದ ಮಾತಾಡಿಸಿ ತಿಳಿಯುವುದು. ದಂಡಸಂಹಿತೆಯ 84ನೇ ಕಲಮು, ಈಗಿನ ನ್ಯಾಯ ಸಂಹಿತೆಯ 22ನೇ ಕಲಮು, ಕೇಳುವುದು ಇವುಗಳಲ್ಲಿ ಮೊದಲನೆಯದನ್ನು. ಆದರೆ 2000ದ ನಂತರ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಯಿತು. ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತಂದರು. ಛಾಪಾ ಕಾಗದ ಹಗರಣದ ಆರೋಪಿ ಔಷಧದ ಮಂಪರಿನಲ್ಲಿ ಹೇಳಿದ ಮಾತುಗಳು ಟಿವಿಯಲ್ಲಿ ಬಿತ್ತರವಾದವು. ನಿಮ್ಹಾನ್ಸ್‌ನಲ್ಲಿ ನರಮನಶ್ಶಾಸ್ತ್ರವನ್ನು ಬೆಳೆಸಿದ ಸಿ.ಆರ್. ಮುಕುಂದನ್ ಅವರು ಆ ಬಳಿಕ ರೂಪಿಸಿದ ಮಿದುಳಿನ ವಿದ್ಯುತ್ ಸಂಕೇತಗಳ ಪರೀಕ್ಷೆಯನ್ನು 2008ರಲ್ಲಿ ಪುಣೆಯ ನ್ಯಾಯಾಲಯ ಕೊಲೆ ಮೊಕದ್ದಮೆಯ ತೀರ್ಪಿನಲ್ಲಿ ಪರಿಗಣಿಸಿತು. ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞ ಸಮಿತಿ ಅದೇ ವರ್ಷ ಇಂಥ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರ ಸಾಲದು ಎಂದಿತು. ಕೊನೆಗೆ 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವುದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ತೀರ್ಪಿಗೆ ನಮ್ಮ ರಾಜ್ಯದ ಹೆಸರು ಅಂಟಿಕೊಂಡಿರುವುದು ಆಕಸ್ಮಿಕವಲ್ಲ.

ತೀರ್ಪು ಬಂದ ಮೇಲಾದರೂ ಮಾತಾಡಿಸುವ ವಿದ್ಯೆಗೆ ಬೆಲೆ ಬರಬೇಕಿತ್ತು. ಅಗತ್ಯವಂತೂ ಹೆಚ್ಚುತ್ತಲೇ ಇದೆ. ನಿಮ್ಹಾನ್ಸ್ ತಂಡ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5,000ಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ, ಮಾನಸಿಕ ಕಾಯಿಲೆ ಮತ್ತು ವ್ಯಸನ ಅಲ್ಲಿ ಎಷ್ಟು ವ್ಯಾಪಕವೆಂದು 2011ರಲ್ಲೇ ತಿಳಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಣೆ ಮಾಡಬಹುದೇ ಎಂದು ತೀರ್ಮಾನಿಸುವ ಮೊದಲು ಅವರ ಮಾನಸಿಕ ಸಾಮರ್ಥ್ಯವನ್ನು ಅಂದಾಜು ಮಾಡಬೇಕು. ಬಾಲನ್ಯಾಯ ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ನಂಜನಗೂಡಿನ, ಹುಣಸೂರಿನ ಹುಡುಗನೊಬ್ಬನ ಬದುಕು ಆ ತಜ್ಞರ ವರದಿಯ ಮೇಲೆ ನಿಂತಿರುತ್ತದೆ. ಅವನು ಮಾತಾಡುವ ಕನ್ನಡದಲ್ಲಿ ಭಯ ಯಾವುದು, ಉಡಾಫೆ ಯಾವುದು, ನಾಚಿಕೆ ಯಾವುದು ಎಂದು ಗುರುತಿಸಬಲ್ಲವರು ಆ ವರದಿ ಬರೆಯಬೇಕು. ಒಂದು ಬುದ್ಧ್ಯಂಕ, ಎರಡು ಸಾಲಿನ ಷರಾ ಸಾಲದು.

ಇದಕ್ಕೆ ಬೇಕಾದದ್ದೆಲ್ಲ ಮೈಸೂರಿನಲ್ಲೇ ಇದೆ. ಗೋಪಾಲಸ್ವಾಮಿ ವಿಭಾಗ ತೆರೆದ ಮಹಾರಾಜ ಕಾಲೇಜಿನಲ್ಲೇ ಈಗ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಮಾನಸಗಂಗೋತ್ರಿಯಲ್ಲಿ ಮನಶ್ಶಾಸ್ತ್ರ ವಿಭಾಗವಿದೆ. ಊರಿನಲ್ಲಿ ಆಸ್ಪತ್ರೆಗಳಿವೆ, ಕೇಂದ್ರ ಕಾರಾಗೃಹವಿದೆ, ಪೊಲೀಸ್ ಅಕಾಡೆಮಿಯಿದೆ. ಇವರೆಲ್ಲ ಸೇರಿ, ಅನುಭವಿ ವಿಶ್ಲೇಷಕರನ್ನು ಹೊರಗಿನಿಂದ ಕರೆಸಿಯಾದರೂ, ಎರಡು ವರ್ಷಗಳ ಮೇಲ್ವಿಚಾರಣೆಯ ತರಬೇತಿಯೊಂದನ್ನು ಕನ್ನಡದಲ್ಲಿ ಶುರುಮಾಡಲಿ. ವಿಶ್ವವಿದ್ಯಾನಿಲಯದ ಹಿರಿಯರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಈ ಲೇಖನದ ಮೂಲಕ ಕೇಳಿಕೊಳ್ಳುತ್ತೇನೆ.