ದೇವಾಲಯ ಮತ್ತು ಮತಗಟ್ಟೆ: ದಿವಂಗತ ಜೆ. ಎಂ. ಲೋಬೊ ಪ್ರಭು

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಗೃಹಸ್ಥ ವಿಶ್ವಾಸಿಗಳ ಸಾರ್ವಜನಿಕ ಸೇವೆಯನ್ನೂ ಸ್ಮರಿಸುವುದು ಉಚಿತ. ಗವಿಪುರಂನ ನಮಗೆ ಕರಾವಳಿ ದೂರವಾದರೂ, ಮಂಗಳೂರು ಕ್ಯಾಥೊಲಿಕ ಸಮಾಜದ ದಿವಂಗತ ಜೆ. ಎಂ. ಲೋಬೊ ಪ್ರಭು ಅವರ ನೆನಪು ದೂರವಲ್ಲ. ಐ.ಸಿ.ಎಸ್. ಅಧಿಕಾರಿಯಾಗಿದ್ದ ಈ ಮಹನೀಯರು, ರಾಜಾಜಿಯವರ ನೇತೃತ್ವದಲ್ಲಿ 1959ರಲ್ಲಿ ಹುಟ್ಟಿದ ಸ್ವತಂತ್ರ ಪಕ್ಷದಿಂದ ಸ್ಪರ್ಧಿಸಿ, 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಆರಿಸಿ ಬಂದರು.

ಆಸ್ತಿಯ ಹಕ್ಕು ಆ ಪಕ್ಷದ ಮೂಲಮಂತ್ರ. ಜಗದ್ಗುರು ಪೋಪ್ 13ನೆಯ ಲಿಯೋ ಅವರೂ 1891ರ ವಿಶ್ವಪತ್ರದಲ್ಲಿ ಆ ಹಕ್ಕನ್ನು ಎತ್ತಿಹಿಡಿದಿದ್ದರು. ಆದರೆ ದುಡಿಯುವವನ ನ್ಯಾಯವಾದ ಕೂಲಿಯನ್ನು ಅದರ ಪಕ್ಕದಲ್ಲಿಯೇ ಇರಿಸಿದ್ದರು.

1974ರ ಭೂಸುಧಾರಣೆ ಕರಾವಳಿಯ ಗೇಣಿದಾರರಿಗೆ ನೆಲದೊಡೆತನ ತಂದಿತು. ಅದೇ ವರ್ಷ ಸ್ವತಂತ್ರ ಪಕ್ಷ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಪಕ್ಷ ಮುಗಿಯಿತು, ಒಂದೇ ಬಲಿಪೀಠದ ಮುಂದೆ ಮಂಡಿಯೂರುವ ಒಡೆಯನಿಗೂ ಒಕ್ಕಲಿಗೂ ಸಮನಾದ ನ್ಯಾಯ ಯಾವುದೆಂಬ ಪ್ರಶ್ನೆ ನಮ್ಮ ಪಾಲಿಗೆ ಉಳಿದಿದೆ.