ಮೋಟಾರ್ ಡ್ರೈವ್ ಜೋಡಿಸುವಾಗ ‘ನಾಯ್ಸ್’ ಕಾಟ: ಎಲೆಕ್ಟ್ರಿಷಿಯನ್‌ಗಳು ತಿಳಿದಿರಬೇಕಾದ ಸಂಗತಿಗಳು

ಲಂಡನ್: ಬೇಸ್‌ಮೆಂಟಿನ ನೀರಿನ ಪಂಪ್, ಟೆರೇಸಿನ ಎಸಿ ಫ್ಯಾನ್, ಲಿಫ್ಟ್ - ಲಂಡನ್ ಇರಲಿ, ದುಬೈ ಇರಲಿ, ಇವೆಲ್ಲ ಈಗ ಹೆಚ್ಚಾಗಿ ಓಡುವುದು ವಿಎಫ್‌ಡಿ ಅಥವಾ ಡ್ರೈವ್ ಮೇಲೆ. ಕರೆಂಟ್ ಉಳಿಸುವ ಈ ಸಾಧನವನ್ನು ಸರಿಯಾಗಿ ಜೋಡಿಸದಿದ್ದರೆ ಸೆನ್ಸರ್ ತಪ್ಪು ರೀಡಿಂಗ್ ಕೊಡ್ತದೆ, ಆರ್‌ಸಿಡಿ ಸುಮ್ಮಸುಮ್ಮನೆ ಟ್ರಿಪ್ ಆಗ್ತದೆ.

ನಾಯ್ಸ್ ಬರುವುದು ಎಲ್ಲಿಂದ?
ಡ್ರೈವ್ ಒಳಗಿನ ಐಜಿಬಿಟಿಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತವೆ. ಪ್ರತಿ ಸಲ ವೋಲ್ಟೇಜ್ ಥಟ್ಟನೆ ಏರಿಳಿದಾಗ ಮೋಟಾರ್ ಕೇಬಲ್‌ನಿಂದ ಅರ್ಥಿಂಗ್ ಕಡೆಗೆ ಸ್ವಲ್ಪ ಕರೆಂಟ್ ಸೋರುತ್ತದೆ. ಅದು ಡ್ರೈವ್‌ಗೆ ವಾಪಸ್ ಹೋಗಲೇಬೇಕು. ಶೀಲ್ಡ್ ಇದ್ದರೆ ಆ ದಾರಿಯಲ್ಲಿ ಹೋಗ್ತದೆ. ಇಲ್ಲದಿದ್ದರೆ ಸಿಕ್ಕಿದ ಪೈಪು, ಸಿಗ್ನಲ್ ವಯರು ಹಿಡಿದು ಹೋಗ್ತದೆ.

ಲಂಡನ್ ರೈಲಿನ ಉದಾಹರಣೆ
1994ರಲ್ಲಿ ವಾಟರ್‌ಲೂ ನಿಲ್ದಾಣದಿಂದ ಶುರುವಾದ ಯೂರೋಸ್ಟಾರ್ ರೈಲುಗಳು 750 ವೋಲ್ಟ್ ಡಿಸಿ ಮೂರನೇ ಹಳಿಯಿಂದ ಕರೆಂಟ್ ಪಡೆದು, ಇನ್ವರ್ಟರ್ ಮೂಲಕ ಎಸಿ ಮೋಟಾರ್ ಓಡಿಸುತ್ತಿದ್ದವು. ಅದೇ ಮಾರ್ಗದಲ್ಲಿ ಸಿಗ್ನಲ್‌ನ ಟ್ರ್ಯಾಕ್ ಸರ್ಕ್ಯೂಟ್‌ಗಳೂ ಇದ್ದವು. ನಾಯ್ಸ್ ಅವುಗಳನ್ನು ಮೋಸಗೊಳಿಸಿದರೆ ರೈಲು ನಿಂತಿರುವ ಹಳಿಯೂ ಖಾಲಿ ಅಂತ ತೋರಿಸುವ ಅಪಾಯ. ಹೀಗಾಗಿ ಇದು ಬರೀ ಕಿರಿಕಿರಿಯ ವಿಷಯ ಅಲ್ಲ, ಜೀವದ ಪ್ರಶ್ನೆ.

ನಿಯಮ ಏನಿದೆ?
ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671. ಇದನ್ನು ಲಂಡನ್‌ನ ಸವೊಯ್ ಪ್ಲೇಸ್‌ನಲ್ಲಿರುವ ಐಇಟಿ ಸಂಸ್ಥೆ ಬಿಎಸ್‌ಐ ಜೊತೆ ಸೇರಿ ಪ್ರಕಟಿಸುತ್ತದೆ. ಇದರ 444ನೇ ವಿಭಾಗ ಇಂಥ ಅಡಚಣೆಗಳ ಬಗ್ಗೆಯೇ ಇದೆ. ಡ್ರೈವ್‌ಗಳಿಗೆ ಪ್ರತ್ಯೇಕವಾಗಿ ಐಇಸಿ 61800-3 ಅನ್ವಯಿಸುತ್ತದೆ. ಸಿ3 ವರ್ಗದ ಡ್ರೈವ್ ಕೈಗಾರಿಕಾ ಜಾಗಕ್ಕೆ. ವಸತಿ ಕಟ್ಟಡಕ್ಕೆ ಸಿ1 ಅಥವಾ ಸಿ2 ನೋಡಬೇಕು.

ಪಾಲಿಸಬೇಕಾದ ಕ್ರಮಗಳು
1. ಮೋಟಾರ್‌ಗೆ ಶೀಲ್ಡ್ ಕೇಬಲ್ ಹಾಕಿ, ಆದಷ್ಟು ಗಿಡ್ಡವಾಗಿರಲಿ. ಶೀಲ್ಡನ್ನು ಎರಡೂ ತುದಿಯಲ್ಲಿ ಇಎಂಸಿ ಗ್ಲ್ಯಾಂಡ್ ಅಥವಾ ಕ್ಲ್ಯಾಂಪ್‌ನಿಂದ ಸುತ್ತಲೂ ಹಿಡಿಸಬೇಕು. ಜಡೆ ಹೆಣೆದು ಒಂದು ಸ್ಕ್ರೂಗೆ ಕಟ್ಟಿದರೆ ಪ್ರಯೋಜನ ಕಡಿಮೆ.
2. ಡ್ರೈವ್ ಮತ್ತು ಫಿಲ್ಟರ್ ಕೂರಿಸುವ ಪ್ಲೇಟಿನಲ್ಲಿ ಪೇಂಟ್ ಇರಬಾರದು.
3. ಸಿಗ್ನಲ್ ಕೇಬಲ್‌ಗೆ ಬೇರೆ ಟ್ರೇ ಕೊಡಿ. ಮೋಟಾರ್ ಕೇಬಲನ್ನು ದಾಟಲೇಬೇಕಾದರೆ 90 ಡಿಗ್ರಿಯಲ್ಲಿ ದಾಟಿಸಿ.
4. ದೂರದ ಸೆನ್ಸರ್‌ಗೆ 0-10 ವೋಲ್ಟ್‌ಗಿಂತ 4-20 ಮಿಲಿಆಂಪಿಯರ್ ಸಿಗ್ನಲ್ ಒಳ್ಳೆಯದು.
5. ಸ್ವಿಚಿಂಗ್ ಫ್ರೀಕ್ವೆನ್ಸಿ ಇಳಿಸಿದರೆ ಸೋರಿಕೆ ಕಡಿಮೆಯಾಗ್ತದೆ, ಆದರೆ ಮೋಟಾರ್ ಕೀರಲು ಸದ್ದು ಹೆಚ್ಚುತ್ತದೆ.

ಎಚ್ಚರಿಕೆ
ಟ್ರಿಪ್ ಆಗ್ತದೆ ಅಂತ ಅರ್ಥಿಂಗ್ ವಯರು ಬಿಚ್ಚುವುದು ಪ್ರಾಣಕ್ಕೇ ಕುತ್ತು. ಇನ್ಸುಲೇಶನ್ ಹೋದ ದಿನ ಮೋಟಾರಿನ ಮೈಯೆಲ್ಲ ಕರೆಂಟ್ ಇರ್ತದೆ. ಸೋರಿಕೆ 3.5 ಮಿಲಿಆಂಪಿಯರ್ ಮೀರುವ ಡ್ರೈವ್‌ಗೆ ಕನಿಷ್ಠ 10 ಚದರ ಮಿ.ಮೀ. ತಾಮ್ರದ ಅರ್ಥಿಂಗ್ ವಯರು ಅಥವಾ ಎರಡನೇ ಅರ್ಥಿಂಗ್ ವಯರು ಕೊಡಬೇಕು. ತ್ರೀ ಫೇಸ್ ಡ್ರೈವ್‌ಗೆ ಆರ್‌ಸಿಡಿ ಬೇಕಿದ್ದರೆ ಟೈಪ್ ಬಿ ಹಾಕಬೇಕು. ಸಪ್ಲೈ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಉಳಿದಿರ್ತದೆ. ಲೇಬಲ್‌ನಲ್ಲಿ ಬರೆದಷ್ಟು ನಿಮಿಷ ಕಾದು, ಮೀಟರ್ ಹಿಡಿದು ನೋಡಿದ ನಂತರವೇ ಕೈ ಹಾಕಿ.